ಹೇಗ್ ಕೋರ್ಟಿನಲ್ಲಿ ಮಾರಿಕುಪ್ಪಂ ಟವೆಲ್ಲು

ಉರಿಗಾಂ

ಪರದೇಶಕ್ಕೆ ಹೋಗಿ ಬಂದೋರು ಮೊದಲು ವಿಮಾನದ ಸುದ್ದಿ ಹೇಳ್ತಾರೆ. ನಾನು ಟವೆಲ್ಲಿನ ಸುದ್ದಿ ಹೇಳ್ತೀನಿ. ಆ ಕೆಂಪು ಚೌಕಳಿ ಟವೆಲ್ ಬ್ಯಾಗಲ್ಲಿ ಇಲ್ಲದೆ ಹೋಗಿದ್ರೆ ನಾನು ಅಷ್ಟು ದೂರ ಹೋಗಿದ್ದೇ ದಂಡ ಆಗ್ತಿತ್ತು.

ನನ್ನ ತಂಗಿ ವರಲಕ್ಷ್ಮಿ, ನಮಗೆಲ್ಲ ವರು, ನೆದರ್ಲೆಂಡ್ಸ್ ದೇಶದ ಹೇಗ್ ಅನ್ನೋ ಊರಲ್ಲಿ ಜಡ್ಜ್ ಆದಳು. ನಮ್ಮ ಕೋಲಾರದ ಕೋರ್ಟಿನ ಥರದ್ದಲ್ಲ. ದೇಶ ದೇಶಗಳೇ ಬಂದು ನಿಂತು ನ್ಯಾಯ ಕೇಳೋ ಕೋರ್ಟು. ನಮ್ಮ ಕಡೆ ಬದು ಒತ್ತಿದ ಅಂತ ದಾಯಾದಿಗಳು ಕೋರ್ಟು ಹತ್ತಲ್ವಾ, ಹಾಗೇ ಅಲ್ಲಿಗೆ ಸಮುದ್ರ ಒತ್ತಿದ್ರು, ನದಿ ತಿರುಗಿಸಿಕೊಂಡ್ರು ಅಂತ ದೇಶಗಳು ಬರ್ತವೆ. ಇಷ್ಟು ಗೊತ್ತಿದ್ರೆ ನಿಮಗೆ ಸಾಕು, ನನಗೂ ಅಷ್ಟೇ ಗೊತ್ತಿರೋದು.

ನಾನು ಮುನಿರತ್ನಮ್ಮ. ಹುಟ್ಟಿದ್ದು ಬಂಗಾರಪೇಟೆ ಪಕ್ಕದ ಹಳ್ಳಿ, ಕೊಟ್ಟಿದ್ದು ಉರಿಗಾಂಗೆ. ನಮ್ಮೆಜಮಾನರು ಚಿನ್ನದ ಗಣಿಯಲ್ಲಿದ್ರು, ಗಣಿ ನಿಂತ ಮೇಲೆ ಹಸು ಕಟ್ಟಿದ್ರು. ನಾನು ಬೆಂಗಳೂರಿನ ಬಟ್ಟೆ ಫ್ಯಾಕ್ಟರಿಗೆ ದಿನಾ ರೈಲಲ್ಲಿ ಓಡಾಡಿದವಳು. ಈಗ ಮನೇಲೇ ಬ್ಲೌಸ್ ಹೊಲಿಯೋದು.

ಒಂದಿನ ವರು ಫೋನ್ ಮಾಡಿದಳು.

"ಅಕ್ಕೋ, ಪ್ರಮಾಣ ತಗೋಳೋ ದಿನ ನೀನು ಬರ್ಲೇಬೇಕು. ಬಂದ್ರೆ ಸಾಲ್ದು, ನಂಗೆ ಕಾಣೋ ಕಡೆ ಕೂತ್ಕೋಬೇಕು."

"ಯಾಕೇ, ಆ ಕಾಯ್ಲೆ ಇನ್ನೂ ಓಗಿಲ್ವಾ?"

"ಎಲ್ಲಿ ಓಯ್ತದೆ? ನಿಂತ್ಕೊಂಡ ತಕ್ಷಣ ಬಾಯಿಗೆ ಬೀಗ. ಮೊದಲನೇ ಮಾತು ಆಚೆ ಬರ್ಬೇಕಾದ್ರೆ ನಮ್ಮೋರ ಮುಖ ಒಂದು ಕಾಣ್ಬೇಕು ಕಣೇ. ಅವತ್ತು ಲೋಕವೆಲ್ಲ ನೋಡ್ತಿರ್ತದೆ. ಅಲ್ಲೇನಾದ್ರೂ ಬಾಯಿ ಕಟ್ಟಿದ್ರೆ ನನ್ ಮಾನ ಓಯ್ತು."

ಅವಳಿಗೆ ಇದು ಚಿಕ್ಕಂದಿನಿಂದ ಇದೆ. ಮೊದಲ ಪದ ಒಂದು ಹೊರಟ್ರೆ ಆಮೇಲೆ ಅವಳನ್ನ ಹಿಡಿಯೋರಿಲ್ಲ. ಕಾಲೇಜಲ್ಲಿ ಸುಳ್ಳು ಕೋರ್ಟು ಮಾಡಿ ವಾದ ಮಾಡಿಸ್ತಿದ್ರು, ಅದಕ್ಕೂ ನಾನು ಫ್ಯಾಕ್ಟರಿಗೆ ರಜ ಹಾಕಿ ಬಾಗಿಲ ಹತ್ರ ನಿಲ್ಲಬೇಕಿತ್ತು. ಮುಂದೆ ಪರದೇಶದಲ್ಲಿ ಪಾಠ ಮಾಡೋವಾಗ ಮೇಜಿನ ಮೇಲೆ ನನ್ನ ಫೋಟೋ ಇಟ್ಕೋತಿದ್ದಳಂತೆ. ಪ್ರಮಾಣ ತಗೋಳೋ ಜಾಗದಲ್ಲಿ ಫೋಟೋ ಗೀಟೋ ಇಟ್ಕೊಳ್ಳೋಕಾಗಲ್ವಲ್ಲ!

ಮನೆಯವರು ಅಂತ ಇಬ್ಬರಿಗೆ ಪಾಸು. ನಮ್ಮೆಜಮಾನರನ್ನ ಹೊರಡಿಸೋಣ ಅಂದ್ರೆ, "ಗೌರಿ ಆ ತಿಂಗಳಲ್ಲೇ ಈಯ್ತಾಳೆ, ನಾನೆಲ್ಲೂ ಬರಲ್ಲ" ಅಂದ್ರು. ಗೌರಿ ಅಂದ್ರೆ ನಮ್ಮ ಹಸು. ಹೆಂಡತಿ ಜೊತೆ ಯೂರೋಪಿಗೋ ಹಸು ಜೊತೆ ಕೊಟ್ಟಿಗೇಲೋ ಅಂದ್ರೆ ಅವರು ಒಂದು ಗಳಿಗೆ ಕೂಡ ಯೋಚನೆ ಮಾಡಲಿಲ್ಲ.

ಹಾಗಾಗಿ ಜೊತೆಗೆ ಬಂದವಳು ಸೆಲ್ವಿ. ನಮ್ಮ ಸಾಲಿನ ಮೂಲೆ ಮನೆಯ ತಮಿಳಿನವಳು, ನನ್ನದೇ ಫ್ಯಾಕ್ಟರಿ, ನನ್ನದೇ ರೈಲು. ಬರ್ತೀಯಾ ಅಂದಾಗ "ಕಡವುಳೇ!" ಅಂತ ದೇವರನ್ನ ಕರೆದು ಎದೆ ಹಿಡ್ಕೊಂಡು ಕೂತವಳು, ಕಾಫಿ ಆರೋದ್ರೊಳಗೆ ಯಾವ ಸೀರೆ ಉಡೋದು ಅಂತ ಕೇಳೋಕೆ ಶುರು ಮಾಡಿದಳು.

ಬಂಗಾರಪೇಟೆ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟವೆಲ್ ಕಥೆ ಹುಟ್ಟಿದ್ದೇ ಈ ಲೈನಲ್ಲಿ.

ಮಾರಿಕುಪ್ಪಂ ಈ ಲೈನಿನ ಕೊನೆ. ಬೆಳಗಿನ ಗಾಡಿ ಅಲ್ಲಿ ಖಾಲಿ ನಿಂತಿರ್ತದೆ. ಬಂಗಾರಪೇಟೆಗೆ ಬರೋಷ್ಟರಲ್ಲಿ ಒಂಟಿ ಕಾಲಲ್ಲಿ ನಿಲ್ಲೋಕೂ ಜಾಗ ಇರಲ್ಲ. ವರು ಲಾ ಕಾಲೇಜಿಗೆ ಸೇರಿದಾಗ ಅಮ್ಮನ ಮನೆಯಲ್ಲೇ ಇದ್ದಳು, ಹತ್ತೋದು ಬಂಗಾರಪೇಟೇಲಿ. ನಿಂತ್ಕೊಂಡು ಏನು ಓದ್ತಾಳೆ? ಅದಕ್ಕೆ ನಾನೂ ಸೆಲ್ವೀನೂ ಉರಿಗಾಂ ಸ್ಟೇಷನ್ ಬಿಟ್ಟು ಹಿಂದಕ್ಕೆ ಮಾರಿಕುಪ್ಪಂಗೆ ನಡೆದು ಹೋಗಿ ಹತ್ತುತ್ತಿದ್ವಿ. ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಸಿ, ಅದರ ಪಕ್ಕ ನಾನು, ನನ್ನ ಎದುರಿಗೆ ಸೆಲ್ವಿ. ಗಾಡಿ ಬಂಗಾರಪೇಟೆ ಪ್ಲಾಟ್‌ಫಾರಂಗೆ ಬರ್ತಿದ್ದಂಗೇ ಅದೇ ಟವೆಲ್ಲನ್ನ ಕಿಟಕಿಯಿಂದ ಆಚೆ ಬೀಸೋದು. ಜನದ ತಲೆಗಳ ಮೇಲೆ ಅದು ಕಂಡರೆ ವರು ಆ ಬೋಗಿಗೆ ಓಡಿ ಬರ್ತಿದ್ದಳು. ಬೀಸಿ ಮತ್ತೆ ಹಾಸೋವರೆಗೂ ಸೀಟಿಗೆ ಸೆಲ್ವಿಯ ಕೈ ಕಾವಲು.

ಟವೆಲ್ ಹಾಕೋಕೆ ನಮ್ಮ ಗಾಡೀಲಿ ಕಾಯಿದೆ ಇತ್ತು. ಹಾಕಿದ ಸೀಟಲ್ಲಿ ಬೇರೆಯವರು ಕೂರೋ ಹಾಗಿಲ್ಲ. ಯಾರಿಗೆ ಅಂತ ಹಾಕಿದ್ದೋ ಅವರೇ ಬಂದು ಟವೆಲ್ ಎತ್ತಿ, ತೊಡೆ ಮೇಲೆ ಇಟ್ಕೊಂಡು ಕೂರಬೇಕು. ಬಂಗಾರಪೇಟೇಲಿ ಆ ಆಸಾಮಿ ಹತ್ತಲಿಲ್ಲ ಅಂದ್ರೆ ಟವೆಲ್ ಮಡಚಿಟ್ಟು ಸೀಟು ಬಿಟ್ಟುಕೊಡಬೇಕು. ಬಸುರಿ ಹೆಂಗಸು ಬಂದ್ರೆ ಟವೆಲ್ಲೂ ಇಲ್ಲ ಗಿವೆಲ್ಲೂ ಇಲ್ಲ. ಇದನ್ನ ಯಾರಾದ್ರೂ ಮೀರಿದ್ರೆ ಜಗಳ. ಅದು ತಮಿಳಲ್ಲಿ ಶುರುವಾಗಿ, ತೆಲುಗಲ್ಲಿ ಜೋರಾಗಿ, ಕನ್ನಡದಲ್ಲಿ ರಾಜಿಯಾಗ್ತಿತ್ತು. ರಾಜಿ ಮಾಡ್ತಿದ್ದವಳು ನಮ್ಮ ವರು. ಕೂತಿದ್ದಾಗ ಅವಳಿಗೆ ಬಾಯಿ ಚೆನ್ನಾಗೇ ಬರ್ತಿತ್ತು.

ಒಂದು ಅವರೆಕಾಯಿ ಕಾಲ. ನಾನೂ ಸೆಲ್ವೀನೂ ಮಡಿಲಲ್ಲಿ ಕಾಯಿ ಸುಲೀತಾ ಕೂತಿದ್ವಿ. ವರು ಪುಸ್ತಕ ಮುಚ್ಚಿ ಕೇಳಿದಳು.

"ಅಕ್ಕ, ಈ ಟವೆಲ್ ಕಾಯಿದೆ ಎಲ್ಲಿ ಬರ್ದಿದೆ?"

"ಎಲ್ಲೂ ಬರ್ದಿಲ್ಲ. ಯಾಕೆ?"

"ಮತ್ತೆ ಎಲ್ರೂ ಅದರ ಮಾತು ಯಾಕೆ ಕೇಳ್ತಾರೆ? ಪೊಲೀಸ್ನೋರು ಬತ್ತಾರಾ, ಗಾರ್ಡ್ ಬತ್ತಾನಾ?"

ಸೆಲ್ವಿ ಸಿಪ್ಪೇನ ಕಿಟಕಿಯಿಂದ ಆಚೆ ಎಸೆದು, "ಇವತ್ತು ನಂದು ಟವೆಲ್ ಮಾತು ಕೇಳಿಲ್ಲಾಂದ್ರೆ ನಾಳೆ ಅವರ್ದು ಯಾರು ಕೇಳ್ತಾರಮ್ಮಾ?" ಅಂದಳು.

ವರು ಮತ್ತೆ ಪುಸ್ತಕ ತೆಗೀಲಿಲ್ಲ. ಬೆಂಗಳೂರು ಬರೋವರೆಗೂ ಆಚೆ ನೋಡ್ತಾ ಕೂತಿದ್ದಳು. ಅಲ್ಲಿಂದ ಹಿಡಿದಿದ್ದು ಆ ಹುಚ್ಚು. ಬರೆದಿಡದ ಮಾತಿಗೂ ದೇಶಗಳು ಯಾಕೆ ಕಟ್ಟುಬೀಳ್ತವೆ ಅನ್ನೋದನ್ನೇ ಓದಿದಳು, ಪರದೇಶಕ್ಕೆ ಹೋಗಿ ಅದನ್ನೇ ಪಾಠ ಮಾಡಿದಳು, ಅದರ ಮೇಲೇ ದಪ್ಪ ದಪ್ಪ ಪುಸ್ತಕ ಬರೆದಳು. ಎರಡು ದೇಶದ ನಡುವಿನ ಹೊಳೆ ಯಾರದು ಅಂತ ತೀರ್ಮಾನ ಮಾಡೋಕೆ ದೋಣೀಲಿ ಕೂತು ಆ ಹೊಳೇನೇ ಸುತ್ತಿ ಬಂದಳು. ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ಪಾಠ ಮಾತ್ರ ಮಾರಿಕುಪ್ಪಂ ಗಾಡಿಯ ಟವೆಲ್ಲಿಂದೇ ಅಂತೆ. ಅದನ್ನ ಕೇಳಿದಾಗ ಸೆಲ್ವಿ ಒಂದು ವಾರ ನಮ್ಮ ಸಾಲಲ್ಲಿ ಯಾರನ್ನೂ ಮಾತಾಡಿಸಲಿಲ್ಲ, ಅಷ್ಟು ಜಂಬ.

ಹೇಗ್, ವರು ಮನೆ

ವಿಮಾನದಲ್ಲಿ ಕಿಟಕಿ ತೆಗೆಯೋಕಾಗಲ್ಲ. ಅದೊಂದು ಬಿಟ್ಟರೆ ದೂರು ಹೇಳೋ ಅಂಥಾದ್ದು ಏನಿಲ್ಲ.

ವರು ಮನೆಯ ಮೆಟ್ಟಿಲು ನೋಡಿ ನಮ್ಮಿಬ್ಬರಿಗೂ ಗಣಿಯ ಏಣಿ ನೆನಪಾಯ್ತು. ಅಷ್ಟು ಕಡಿದು, ಅಷ್ಟು ಇಕ್ಕಟ್ಟು. ಸೆಲ್ವಿ ಇಳಿಯೋವಾಗ ಹಿಂದುಮುಂದಾಗಿ, ಎರಡೂ ಕೈ ಊರಿಕೊಂಡೇ ಇಳೀತಿದ್ದಳು. ಅಲ್ಲಿನ ಜನ ಕಿಟಕಿಗೆ ಪರದೆ ಎಳೆಯಲ್ಲ. ಬೀದೀಲಿ ಹೋಗೋರಿಗೆಲ್ಲ ಅವರ ಊಟ, ಅವರ ಟೀವಿ, ಅವರ ಬೆಕ್ಕು ಎಲ್ಲಾ ಕಾಣ್ತದೆ, ಆದರೆ ಒಬ್ಬರೂ ಒಳಗೆ ಇಣುಕಿ ನೋಡಲ್ಲ. ನಾವಿಬ್ಬರು ಮಾತ್ರ ನೋಡ್ತಿದ್ವಿ. ಒಂದು ಮನೆಯ ಅಜ್ಜ ನಮಗೆ ಕೈ ಬೀಸಿ ಕಾಫಿ ಲೋಟ ಎತ್ತಿ ತೋರಿಸಿದರು.

ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿಂತಾರೆ, ದೊಡ್ಡವರೂ! ಸೆಲ್ವಿ ಒಂದು ದಿನ ಮುಖ ಸಿಂಡರಿಸಿದಳು, ಎರಡನೇ ದಿನದಿಂದ ಡಬ್ಬಿ ಅವಳ ತಟ್ಟೆ ಪಕ್ಕಾನೇ ಇರ್ತಿತ್ತು. ಹಸುಗಳು ಮಾತ್ರ ನನ್ನ ಹೊಟ್ಟೆ ಉರಿಸಿದವು. ಹಗ್ಗ ಇಲ್ಲ, ಕಾಯೋರಿಲ್ಲ, ಮೊಣಕಾಲುದ್ದ ಹಸಿರಲ್ಲಿ ಮಲಗಿ ಮೆಲುಕು ಹಾಕ್ತಿರ್ತವೆ. ಫೋನಲ್ಲಿ ನಮ್ಮೆಜಮಾನರಿಗೆ ತೋರಿಸಿದೆ. "ಇದನ್ನ ಗೌರಿ ಕಣ್ಣಿಗೆ ಬೀಳಿಸ್ಬೇಡ" ಅಂದ್ರು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ರೂಢಿ. ಒಬ್ಬರಿಗೆ ಸಂತೋಷ ಬಂದ್ರೆ ಆ ಮನೆಯವರೆಲ್ಲರಿಗೂ ಶುಭಾಶಯ ಹೇಳ್ತಾರೆ. ಪಕ್ಕದ ಮನೆ ಹೆಂಗಸು ಬಂದು ವರು ಕೈ ಕುಲುಕಿ, ಆಮೇಲೆ ನನ್ನ ಕೈ ಹಿಡಿದು, "ನಿಮ್ಮ ತಂಗಿ ಜಡ್ಜ್ ಆಗಿದ್ದಕ್ಕೆ ನಿಮಗೆ ಅಭಿನಂದನೆ" ಅಂದರು. ಆಮೇಲೆ ಸೆಲ್ವಿಗೂ ಹೇಳಿದರು. "ನಾನು ಎದುರು ಸೀಟು ಅಷ್ಟೇ" ಅಂತ ಸೆಲ್ವಿ ನಾಚಿಕೊಂಡಳು. ವರು ಅದನ್ನ ಇಂಗ್ಲಿಷಲ್ಲಿ ಹೇಳಿದಾಗ ಆ ಹೆಂಗಸು ಸೆಲ್ವಿಯ ಕೆನ್ನೆಗೆ ಮೂರು ಮುತ್ತು ಕೊಟ್ಟು ಹೋದರು.

ಖಾಲಿ ಕೋರ್ಟು

ಸಮಾರಂಭದ ಹಿಂದಿನ ದಿನ ವರು ನಮ್ಮನ್ನ ಕೋರ್ಟಿಗೆ ಕರ್ಕೊಂಡು ಹೋದಳು. ಕೆಂಪು ಇಟ್ಟಿಗೆ, ಎತ್ತರದ ಗೋಪುರ, ನೋಡೋಕೆ ಅರಮನೆ. ಒಳಗೆ ಬಣ್ಣ ಬಣ್ಣದ ಗಾಜಿನ ಕಿಟಕಿಗಳು, ಜಡ್ಜುಗಳಿಗೆ ಒಂದೇ ಉದ್ದನೆ ಮೇಜು, ಅದರ ಹಿಂದೆ ಸಾಲಾಗಿ ಕುರ್ಚಿ. ಸಮಾರಂಭದ ಉಸ್ತುವಾರಿ ಆನಾ ಅನ್ನೋ ಹೆಣ್ಣುಮಗಳದು. ಬಾಗಿಲಿಗೆ ತಲೆ ತಾಗೋ ಅಷ್ಟು ಎತ್ತರ, ಮಾತು ಮಾತ್ರ ಮೆತ್ತಗೆ. ಮನೆಯವರ ಕುರ್ಚಿ ಮೂರನೇ ಸಾಲಲ್ಲಿ ಅಂತ ತೋರಿಸಿ, ವರೂನ ಜೊತೆಗೆ ಕರ್ಕೊಂಡು ಯಾವುದೋ ಕೋಣೆಗೆ ಹೋದಳು.

ನಾನು ಮೂರನೇ ಸಾಲಲ್ಲಿ ಕೂತು ನೋಡಿದೆ. ಸೆಲ್ವೀನ ವರು ನಿಲ್ಲೋ ಜಾಗದಲ್ಲಿ ನಿಲ್ಲಿಸಿದೆ.

"ಕಾಣ್ತೀನಾ?"

"ನಿಮ್ಮದು ಕೊಂಡೆ ಮಾತ್ರ ಕಾಣ್ತದೆ ಅಕ್ಕಾ." ಕೊಂಡೆ ಅಂದ್ರೆ ತಲೆಗೂದಲ ಗಂಟು.

ಇನ್ನು ಮುಂದಿನ ಎರಡು ಸಾಲು ತುಂಬಿದರೆ ಅದೂ ಕಾಣಲ್ಲ. ಒಂದೊಂದೇ ಕುರ್ಚೀಲಿ ಕೂತು ನೋಡ್ತಾ ಬಂದೆ. ಮೊದಲನೇ ಸಾಲಿನ ತುದಿ ಕುರ್ಚಿಯಿಂದ ಮಾತ್ರ ಮುಖಕ್ಕೆ ಮುಖ ಕಾಣ್ತಿತ್ತು. ಇನ್ನೇನು ಯೋಚನೆ? ಬ್ಯಾಗಿಂದ ಟವೆಲ್ ತೆಗೆದು ನೀಟಾಗಿ ಹಾಸಿದೆ. ಯಾರಿಗೂ ಹೇಳಲಿಲ್ಲ. ಟವೆಲ್ ಹಾಕಿದ ಮೇಲೆ ಹೇಳೋದೇನು, ಕಂಡೋರಿಗೆ ಗೊತ್ತಾಗಲ್ವಾ ಅಂದ್ಕೊಂಡೆ.

ಸಮುದ್ರ

ಮಾರನೇ ದಿನ ವರು ಬೇಗನೇ ಕೋರ್ಟಿನ ಕಾರಲ್ಲಿ ಹೋದಳು. ನಮಗೂ ಒಂದು ಕಾರು ಕಳಿಸ್ತೀನಿ ಅಂದಿದ್ದಳು. ನಾನೇ ಬೇಡ ಅಂದೆ. ಮನೆ ಮುಂದೆ ಟ್ರಾಮು ಬರ್ತದೆ, ನೇರ ಕೋರ್ಟಿನ ಮುಂದೆ ನಿಲ್ತದೆ. ಅರ್ಧ ಆಯುಸ್ಸು ರೈಲಲ್ಲಿ ಕಳೆದೋರಿಗೆ ಟ್ರಾಮು ಯಾವ ಲೆಕ್ಕ?

ರೇಷ್ಮೆ ಸೀರೆ ಉಟ್ಟು, ಮುಡಿಯೋ ಹೂವು ಸಿಗದ ಊರಲ್ಲಿ ಬಟ್ಟೆ ಹೂವಾದರೂ ಮುಡಿದು ಹತ್ತಿದ್ವಿ. ಕೋರ್ಟಿನ ಗೋಪುರ ಕಂಡಿತು, ಟ್ರಾಮು ನಿಂತಿತು. ನಾವು ಬಾಗಿಲ ಮುಂದೆ ನಿಂತ್ವಿ. ಬಾಗಿಲು ತೆಗೀಲಿಲ್ಲ. ತೆಗೀತಾರೆ ಅಂತ ಕಾದ್ವಿ. ಟ್ರಾಮು ಹೊರಟೇ ಹೋಯ್ತು. ಆ ಬಾಗಿಲಿಗೆ ಗುಂಡಿ ಒತ್ತಬೇಕಂತೆ! ನಮ್ಮ ಗಾಡಿಗೆ ಬಾಗಿಲಿದೆ ಅನ್ನೋದೇ ನಮಗೆ ಮರೆತು ಹೋಗಿತ್ತು, ಯಾವತ್ತೂ ತೆರೆದೇ ಇರ್ತದೆ, ಜನ ಅದರಲ್ಲಿ ಜೋತಾಡ್ತಿರ್ತಾರೆ. ಗುಂಡಿ ಅಂತ ಯಾರಿಗೆ ಹೊಳೀತದೆ? ಮುಂದಿನ ನಿಲ್ದಾಣದಲ್ಲೂ ಅದೇ ಕಥೆ. ಗಾಬರಿಗೆ ಬಾಯಿಗೆ ಬಂದ ಇಂಗ್ಲಿಷೆಲ್ಲ ಫ್ಯಾಕ್ಟರಿ ಇಂಗ್ಲಿಷು. "ಸ್ಟಾಪ್, ಸ್ಟಾಪ್, ರಿಜೆಕ್ಟ್!" ಅಂತ ಕೂಗಿದೆ.

ಕೊನೆಗೂ ಒಬ್ಬರು ಗುಂಡಿ ಒತ್ತಿ ಇಳಿದರು, ಅವರ ಹಿಂದೆ ನಾವೂ ಬಿದ್ದಂಗೆ ಇಳಿದ್ವಿ. ಎದುರಿಗೆ ಸಮುದ್ರ.

ಎಂಥಾ ಗಾಳಿ ಅಂತೀರಿ! ಸೆರಗು ತಲೆ ಮೇಲೆ, ನೆರಿಗೆ ಅಂಗೈಲಿ. ಸೆಲ್ವಿ ಆ ಗಡಿಬಿಡೀಲೂ ಬಾಯಿ ಬಿಟ್ಕೊಂಡು ನಿಂತಳು. "ಅಕ್ಕಾ, ಎಷ್ಟು ತಣ್ಣೀರು ಪಾರುಂಗೋ!"

"ನೀರು ಆಮೇಲೆ ನೋಡುವಂತೆ ಬಾರೇ! ಅಲ್ಲಿ ಅವಳ ಬಾಯಿ ಕಟ್ಟೋಯ್ತದೆ!"

ನನಗೆ ಅಳು ಬಂದುಬಿಟ್ಟಿತ್ತು. ಅವಳ ಕಾಲೇಜು ಮುಗಿಯೋವರೆಗೂ ಒಂದು ದಿನ ತಪ್ಪದೆ ಅವಳಿಗೆ ಸೀಟು ಹಿಡಿದವಳು, ಇಂಥ ದಿನ ನಾನೇ ಗಾಡಿ ತಪ್ಪಿಸಿಕೊಂಡಿದ್ದೆ. ವಾಪಸ್ ಟ್ರಾಮಲ್ಲಿ ಸೆಲ್ವಿ ಗುಂಡಿ ಮೇಲಿಂದ ಬೆರಳೇ ತೆಗೀಲಿಲ್ಲ.

ತುಂಬಿದ ಕೋರ್ಟು

ಓಡಿ ಓಡಿ ಏದುಸಿರು ಬಿಡ್ತಾ ಬಂದಾಗ ದೊಡ್ಡ ಬಾಗಿಲು ಮುಚ್ಚೋದರಲ್ಲಿತ್ತು. ಆನಾ ನಮ್ಮನ್ನೇ ಕಾಯ್ತಾ ನಿಂತಿದ್ದಳು. ಕೈಯಲ್ಲಿ ನನ್ನ ಟವೆಲ್ಲು, ಇಸ್ತ್ರಿ ಮಾಡಿದ ಹಾಗೆ ಮಡಚಿದ್ದು.

"ಇದು ನಿಮ್ಮದಾ? ಕ್ಷಮಿಸಿ, ಅದು ರಾಯಭಾರಿಗಳ ಕುರ್ಚಿ. ಇಲ್ಲಿ ಹೀಗೆ ಜಾಗ ಹಿಡಿಯೋ ರೂಢಿ ಇಲ್ಲ" ಅಂತ ನಿಧಾನವಾಗಿ, ನನಗೆ ಅರ್ಥ ಆಗೋ ಹಾಗೆ ಇಂಗ್ಲಿಷಲ್ಲಿ ಹೇಳಿ ಟವೆಲ್ ನನ್ನ ಕೈಗೆ ಕೊಟ್ಟಳು. ನ್ಯಾಯವೇ. ಬಂಗಾರಪೇಟೇಲಿ ಹತ್ತದೆ ಹೋದ್ರೆ ಟವೆಲ್ ಮಡಚೋದು ನಮ್ಮಲ್ಲೂ ಇದೆ. ಮೂರನೇ ಸಾಲಿಗೂ ಈಗ ನುಗ್ಗೋಕಾಗಲ್ಲ ಅಂತ ಹಿಂದುಗಡೆ ಸಾಲಲ್ಲಿ ಕೂರಿಸಿದಳು. ಎದುರಿಗೆ ಇಷ್ಟು ದಪ್ಪದ ಕಂಬ.

ಎಲ್ಲರೂ ಎದ್ದು ನಿಂತ ಸದ್ದಾಯ್ತು. ಕಂಬದ ಪಕ್ಕದಿಂದ ಕತ್ತು ಚಾಚಿ ನೋಡಿದೆ. ಜಡ್ಜುಗಳು ಸಾಲಾಗಿ ಬಂದರು, ಕಪ್ಪು ನಿಲುವಂಗಿ, ಕತ್ತಿನ ಕೆಳಗೆ ಬಿಳಿ ಲೇಸು. ನನ್ನ ಕಣ್ಣು ಹೊಲಿಗೆ ಮೇಲೆ ಹೋಗದೆ ಇರಲ್ಲ, ತೋಳು ಕೂರಿಸಿದ್ದು ಸುಮಾರಾಗಿತ್ತು. ಸಾಲಿನ ಕೊನೇಲಿ ನಮ್ಮ ವರು! ನಡುವೆ ಕೂತ ಹಿರಿಯ ಜಡ್ಜ್ ಅವಳ ಹೆಸರು ಕರೆದರು. ವರಲಕ್ಷ್ಮಿ ಅನ್ನೋದನ್ನ ಅವರು ತುಂಡು ತುಂಡು ಮಾಡಿ ಹೇಳಿದರೂ ನನ್ನ ಮೈ ಜುಂ ಅಂತು.

ವರು ಎದ್ದು ನಿಂತಳು. ಮೂರನೇ ಸಾಲು ನೋಡಿದಳು. ಮತ್ತೆ ನೋಡಿದಳು. ಬಾಯಿ ತೆರೆದಳು.

ಮಾತು ಬರಲಿಲ್ಲ.

ಯಾರೋ ಕೆಮ್ಮಿದರು. ಹಿರಿಯ ಜಡ್ಜ್ ತಲೆ ತಿರುಗಿಸಿ ಅವಳನ್ನ ನೋಡಿದರು. ವರು ಎರಡು ಕೈಯಲ್ಲೂ ಮೇಜು ಹಿಡ್ಕೊಂಡಿದ್ದಳು. ನಾನು ತುದಿಗಾಲಲ್ಲಿ ನಿಂತೆ. ಮುಂದಿನವರ ಭುಜ, ಅವರ ಮುಂದಿನವರ ಟೋಪಿ, ಅದರ ಮುಂದೆ ಆ ಹಾಳು ಕಂಬ. ಕೂಗೋಣ ಅಂದ್ರೆ ನನಗೂ ಬಾಯಿ ಕಟ್ಟಿತ್ತು.

ಸೆಲ್ವಿ ನನ್ನ ಪಕ್ಕೆಗೆ ತಿವಿದಳು. "ಬಂಗಾರಪೇಟೆ ಬಂತು ಅಕ್ಕಾ! ಬೀಸಿ!"

ಕಂಬದ ಆಚೆಗೆ ಕೈ ಚಾಚಿ ಟವೆಲ್ ಬಿಡಿಸಿ ಬೀಸಿದೆ. ತಲೆಗಳ ಮೇಲೆ, ಟೋಪಿಗಳ ಮೇಲೆ, ಪ್ಲಾಟ್‌ಫಾರಂ ಬರೋವಾಗ ಬೀಸ್ತಿದ್ದೆನಲ್ಲ, ಹಾಗೇ. ಬಾಗಿಲ ಹತ್ರದ ಕಾವಲಿನವನು ನನ್ನ ಕಡೆ ಎರಡು ಹೆಜ್ಜೆ ಹಾಕಿದ. ಆನಾ ಅವನ ತೋಳು ಹಿಡಿದು ನಿಲ್ಲಿಸಿದಳು.

ವರು ನೋಡಿದಳು. ನೋಡಿ ನಕ್ಕುಬಿಟ್ಟಳು, ಆ ದೊಡ್ಡ ಕೋರ್ಟಲ್ಲಿ, ಹಲ್ಲು ಕಾಣೋ ಹಾಗೆ. ಆಮೇಲೆ ಒಂದು ಉಸಿರು ಎಳೆದು ಶುರು ಮಾಡಿದಳು. ಮೊದಲ ಪದದಿಂದ ಕೊನೇ ಪದದವರೆಗೆ ಎಲ್ಲೂ ತಡೀಲಿಲ್ಲ. ಯಾರ ಪಕ್ಷಾನೂ ವಹಿಸದೆ, ಮನಸ್ಸಾಕ್ಷಿಗೆ ಸರಿಯಾಗಿ ನ್ಯಾಯ ಹೇಳ್ತೀನಿ ಅನ್ನೋದೇ ಅದರ ಸಾರ. ಕಂಬದ ಹಿಂದೆ ನಾವಿಬ್ಬರೂ ಗೊಳೋ ಅಂತ ಅತ್ತು, ಆ ಟವೆಲ್ಲಿಗೇ ಕಣ್ಣೊರೆಸಿಕೊಂಡ್ವಿ.

ತುದಿ ಕುರ್ಚಿ

ಆಮೇಲೆ ಟೀ, ಬಿಸ್ಕತ್ತು, ಕೈ ಕುಲುಕೋದು. ನನಗೆ ಅಭಿನಂದನೆ ಹೇಳಿದೋರಿಗೆ ಲೆಕ್ಕವಿಲ್ಲ. ಹಿರಿಯ ಜಡ್ಜ್ ತಾವಾಗೇ ಬಂದು, "ಆ ಪ್ರಸಿದ್ಧ ಟವೆಲ್ ಇದೇನಾ?" ಅಂತ ಕೇಳಿ ಮುಟ್ಟಿ ನೋಡಿದರು. ವರು ಅವರಿಗೂ ಪಾಠ ಮಾಡಿ ಬಿಟ್ಟಿದ್ದಳು! ಅಷ್ಟರಲ್ಲಿ ಫೋನ್ ಬಂತು, ನಮ್ಮೆಜಮಾನರು. "ಎಣ್ಣುಗರು!" ಅಂದ್ರು ಮೊದಲು. ಆಮೇಲೆ ನೆನಪಾಗಿ, "ವರೂದು ಚೆನ್ನಾಗ್ ಆಯ್ತಾ?" ಅಂತ ಕೇಳಿದರು. ನಾನು ಅಲ್ಲಿದ್ದೋರಿಗೆಲ್ಲ ಎರಡೂ ಸುದ್ದಿ ಹೇಳಿಸಿದೆ. ಹೊಸ ಕರುವಿಗೂ ನನಗೇ ಅಭಿನಂದನೆ.

ಜನ ಕರಗಿದ ಮೇಲೆ ವರು ನಮ್ಮನ್ನ ಮತ್ತೆ ಕೋರ್ಟ್ ಹಾಲ್ ಒಳಗೆ ಕರ್ಕೊಂಡು ಬಂದಳು. ಆ ಉದ್ದನೆ ಮೇಜಿನ ಹಿಂದೆ ತನ್ನ ಕುರ್ಚಿ ತೋರಿಸಿದಳು. ಕಟ್ಟಕಡೆಯದು, ಗೋಡೆ ಪಕ್ಕ.

"ಇದೇನೇ, ನಿನ್ನ ಮೂಲೆಗೆ ಹಾಕವ್ರೆ?"

"ಒಸಬರು ತುದೀಲೇ ಕೂರ್ಬೇಕು ಕಣಕ್ಕ. ಇಲ್ಲಿ ಅದೇ ರೂಢಿ."

ತಲೆ ಎತ್ತಿ ನೋಡಿದೆ. ಪಕ್ಕದಲ್ಲೇ ಬಣ್ಣದ ಗಾಜಿನ ಕಿಟಕಿ, ಸಂಜೆ ಬಿಸಿಲು ಕುರ್ಚಿ ಮೇಲೇ ಬೀಳ್ತಿತ್ತು. ಕಿಟಕಿ ಸೀಟೇ! ನನ್ನ ಸಿಟ್ಟೆಲ್ಲ ಇಳಿದುಹೋಯ್ತು. ಬ್ಯಾಗಿಂದ ಟವೆಲ್ ತೆಗೆದೆ, ಕುರ್ಚಿ ಮೇಲೆ ಹಾಸಿದೆ. ಬಾಗಿಲಲ್ಲಿದ್ದ ಆನಾ ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ಆಮೇಲೆ ಬೆನ್ನು ತಿರುಗಿಸಿಕೊಂಡು ಯಾವುದೋ ಚಿತ್ರ ನೋಡೋಕೆ ಶುರು ಮಾಡಿದಳು.

ವರು ಟವೆಲ್ ಎತ್ತಿದಳು. ಆ ಕಪ್ಪು ನಿಲುವಂಗಿ ತೊಡೆ ಮೇಲೆ ಇಟ್ಕೊಂಡು ಕೂತಳು. ಸ್ವಲ್ಪ ಹೊತ್ತು ಟವೆಲ್ಲಿನ ಅಂಚು ಸವರ್ತಾ ಇದ್ದಳು. ಕಣ್ಣು ತುಂಬಿತ್ತು, ಮುಖ ನಗ್ತಿತ್ತು.

"ನೀನೂ ಕೂತ್ಕೋ ಅಕ್ಕ" ಅಂತ ಪಕ್ಕದ ಕುರ್ಚಿ ತಟ್ಟಿದಳು.

ಅದು ಇನ್ಯಾವುದೋ ದೇಶದ ಜಡ್ಜಿನ ಕುರ್ಚಿ. ನಾನು ಕೂತೆ. ಮೆತ್ತಗಿತ್ತು.

"ಬೇಗ ಏಳಿ ಅಕ್ಕಾ, ಟಿ.ಸಿ. ಬರ್ರಾರು!" ಅಂತ ಸೆಲ್ವಿ ಕೆಳಗಿಂದ ನಗ್ತಾ ಕೂಗಿದಳು.

ನಾನು ಏಳಲಿಲ್ಲ. ಬೆಂಗಳೂರು ಇನ್ನೂ ಬಂದಿರಲಿಲ್ಲ.